ರೋಗದ ಗಡುವೂ ಸರ್ಕಾರದ ಕಡತವೂ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುದಾರಿಯು ಕಡೂರು, ಬೀರೂರುಗಳನ್ನು ಹಾದು ಅಜ್ಜಂಪುರದ ಬಯಲನ್ನು ಮುಟ್ಟುತ್ತದೆ. ಬೀರೂರಿನಲ್ಲಿ ಕವಲೊಡೆದ ಮತ್ತೊಂದು ದಾರಿಯು ತರೀಕೆರೆಯ ಮೂಲಕ ಶಿವಮೊಗ್ಗೆಯನ್ನು ಸೇರುತ್ತದೆ. ಈ ಸೀಮೆಯ ಯಾವ ಮನೆಯಲ್ಲಾದರೂ ಒಬ್ಬರಿಗೆ ಕ್ಯಾನ್ಸರಿರಬಹುದೆಂಬ ಶಂಕೆ ಹುಟ್ಟಿತೆಂದರೆ, ರೋಗಿಯನ್ನೂ ಹಳೆಯ ಚೀಟಿಗಳನ್ನು ತುಂಬಿದ ಚೀಲವನ್ನೂ ಜೊತೆಗಿಟ್ಟುಕೊಂಡು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆಂದು ರೈಲು ಹತ್ತುವುದು ಎರಡು ತಲೆಮಾರುಗಳಿಂದ ನಡೆದುಬಂದಿರುವ ಕ್ರಮ. ಗುಣವಾದರೆ ಸಂತೋಷ. ಆಗದು, ಇನ್ನು ಊರಿಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದರೆ, ಬಂದ ದಾರಿಯಲ್ಲಿಯೇ ಹಿಂದಿರುಗಿ, ಪಡಸಾಲೆಯಲ್ಲಿ ಹಾಸಿಗೆ ಹಾಸಿಸಿಕೊಂಡು, ಬಂದುಹೋಗುವ ನೆಂಟರಿಷ್ಟರ ಮುಖ ನೋಡುತ್ತಾ, ಕಡೆಗೆ ಮಗನದೋ ಮಗಳದೋ ಕೈಯಿಂದ ಬಾಯಿಗೆ ಒಂದು ಗುಟುಕು ನೀರು ಬಿಡಿಸಿಕೊಂಡು ಕಣ್ಣು ಮುಚ್ಚುವುದನ್ನು ನಮ್ಮ ಜನ ಬಡವನಿಗೂ ಬಲ್ಲಿದನಿಗೂ ಸಮಾನವಾಗಿ ಸಲ್ಲತಕ್ಕ ಭಾಗ್ಯವೆಂದು ಎಣಿಸಿದ್ದಾರೆ. ನ್ಯಾಯಾಲಯದ ಮುದ್ರೆಯಿಲ್ಲದೆ ಈ ಭಾಗ್ಯವು ಯಾರಿಗೆ ದೊರೆಯಲಾರದೋ ಅಂಥವರ ವಿಚಾರವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಸೆರೆಮನೆಯಲ್ಲಿರುವವನಿಗೆ ಮರಣಾಂತಿಕವಾದ ವ್ಯಾಧಿ ತಗುಲಿ, ಆತನ ಆಯುಸ್ಸು ತಿಂಗಳುಗಳ ಲೆಕ್ಕಕ್ಕೆ ಇಳಿದಾಗ, ಉಳಿದ ಶಿಕ್ಷೆಯನ್ನು ಬದಿಗಿರಿಸಿ ಆತನನ್ನು ಮನೆಗೆ ಕಳುಹಿಸಬೇಕೆ, ಅಥವಾ ನ್ಯಾಯಾಧೀಶನು ಬರೆದ ಅವಧಿಯನ್ನು ಪೂರೈಸುವುದಕ್ಕೆ ಮೊದಲೇ ಯಮನು ಬಂದನೆಂಬ ಕಾರಣದಿಂದ ಶಿಕ್ಷೆ ಸಡಿಲವಾಗಕೂಡದೆನ್ನಬೇಕೆ? ಪ್ರಶ್ನೆ ಹೊಸದಲ್ಲ, ಸುಲಭವಾದುದೂ ಅಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಕಳುಹಿಸಬೇಕು, ಆದರೆ ಅದು ಒಬ್ಬರ ಕೃಪೆಯಿಂದಾಗಲಿ, ದಿಲ್ಲಿಯವರೆಗೆ ಹೋಗಬಲ್ಲ ವಕೀಲರ ಬಲದಿಂದಾಗಲಿ ಆಗತಕ್ಕದ್ದಲ್ಲ. ದಿನಗಳ ಗಡುವುಳ್ಳ ನಿಯಮದಿಂದ, ಸಾಧ್ಯವಾದಮಟ್ಟಿಗೆ ಜಿಲ್ಲೆಯ ಎಲ್ಲೆಯೊಳಗೇ ಆಗತಕ್ಕದ್ದು. ಏಕೆಂದರೆ ಈ ವಿಷಯದಲ್ಲಿ ಸರ್ಕಾರದ ಎದುರಾಳಿ ಕೈದಿಯಲ್ಲ, ಕಾಲ.

ಕರ್ನಾಟಕದಲ್ಲಿಯೇ ನಡೆದ ಒಂದು ಪ್ರಕರಣವು ಈ ಮಾತನ್ನು ಯಾವ ತರ್ಕಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. 1993ರ ಏಪ್ರಿಲ್ 9ರಂದು, ಮಲೆ ಮಹದೇಶ್ವರ ಬೆಟ್ಟದಾಚೆಯ ಪಾಲಾರ್ ಬಳಿಯಲ್ಲಿ, ವೀರಪ್ಪನ್ ಗುಂಪಿನವರು ಹೂತಿಟ್ಟಿದ್ದ ನೆಲಬಾಂಬುಗಳು ಸಿಡಿದು, ಆತನನ್ನು ಹುಡುಕಿಕೊಂಡು ಹೊರಟಿದ್ದ ತಂಡದ 22 ಮಂದಿ ಸತ್ತರು. ಭಯೋತ್ಪಾದನೆಯನ್ನು ಹತ್ತಿಕ್ಕುವ ಟಾಡಾ ಕಾಯಿದೆಯ ಅಡಿಯಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ 2001ರಲ್ಲಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಮೇಲ್ಮನವಿಯನ್ನು ಕೇಳಿದ ಸರ್ವೋಚ್ಚ ನ್ಯಾಯಾಲಯವು 2004ರ ಜನವರಿಯಲ್ಲಿ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾಯಾಚನೆಯು ರಾಷ್ಟ್ರಪತಿ ಭವನದ ಕಡೆಗೆ ಹೊರಟಿತು. ಒಂಬತ್ತು ವರ್ಷಗಳ ತರುವಾಯ, 2013ರ ಫೆಬ್ರವರಿಯಲ್ಲಿ, ತಿರಸ್ಕೃತವಾಗಿ ಹಿಂದಿರುಗಿತು. ಇಷ್ಟು ದೀರ್ಘಕಾಲ ಮನುಷ್ಯನನ್ನು ನೇಣಿನ ನೆರಳಿನಲ್ಲಿ ಕೂರಿಸುವುದೇ ಒಂದು ಹಿಂಸೆಯೆಂದು ಹೇಳಿ, ಅದೇ ಸರ್ವೋಚ್ಚ ನ್ಯಾಯಾಲಯವು 2014ರ ಜನವರಿ 21ರಂದು ಇವರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಹೀಗೆ ಜೀವ ಉಳಿದವರಲ್ಲಿ ಒಬ್ಬನಾದ ಜ್ಞಾನಪ್ರಕಾಶ್, ಎಪ್ಪತ್ತರ ಅಂಚಿಗೆ ಬಂದು ಕ್ಯಾನ್ಸರ್‌ಪೀಡಿತನಾಗಿದ್ದಾಗ, ಸರ್ವೋಚ್ಚ ನ್ಯಾಯಾಲಯವು ಮಾನವೀಯತೆಯ ನೆಲೆಯಲ್ಲಿ ಕೊಟ್ಟ ಜಾಮೀನಿನ ಮೇಲೆ, 2022ರ ಡಿಸೆಂಬರಿನಲ್ಲಿ ಮೈಸೂರು ಕೇಂದ್ರ ಕಾರಾಗೃಹದಿಂದ ಹೊರಬಂದನು. ಸೆರೆಯೊಳಗೆ ಕಳೆದದ್ದು ಸುಮಾರು 29 ವರ್ಷ. ಹೋದದ್ದು ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆಯ ಸಂದನಪಾಳ್ಯದ ತನ್ನ ಮನೆಗೆ.

ಈ ವೃತ್ತಾಂತದಲ್ಲಿ ವಿಳಂಬವು ಎರಡು ವೇಷಗಳನ್ನು ತೊಟ್ಟು ಬರುತ್ತದೆ. ಕ್ಷಮಾಯಾಚನೆಯ ಕಡತವು ಒಂಬತ್ತು ವರ್ಷ ಮಲಗಿದ್ದುದರಿಂದ ಆತನ ಕೊರಳು ಉಳಿಯಿತು. ಕ್ಯಾನ್ಸರಿನ ಕಡತವೇನಾದರೂ ಒಂಬತ್ತು ತಿಂಗಳು ಮಲಗಿದ್ದಿದ್ದರೆ ಆ ಬಿಡುಗಡೆಗೆ ಅರ್ಥವೇ ಇರುತ್ತಿರಲಿಲ್ಲ. ಗಲ್ಲಿನ ಹಗ್ಗವು ಸರ್ಕಾರದ ಅಪ್ಪಣೆಗಾಗಿ ಕಾಯುತ್ತದೆ, ರೋಗವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಇದರೊಡನೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಗಾಂಧೀಜಿಯ ನೂರೈವತ್ತನೆಯ ಜಯಂತಿಯ ನಿಮಿತ್ತ ಕೇಂದ್ರ ಸರ್ಕಾರವು 2018ರ ಅಕ್ಟೋಬರ್ 2, 2019ರ ಏಪ್ರಿಲ್ 6, 2019ರ ಅಕ್ಟೋಬರ್ 2 ಎಂಬ ಮೂರು ಕಂತುಗಳಲ್ಲಿ ಕೈದಿಗಳನ್ನು ಬಿಡುವಂತೆ ರಾಜ್ಯಗಳಿಗೆ ಸೂಚಿಸಿದಾಗ, ವೃದ್ಧರು, ಅಂಗವಿಕಲರು ಇವರ ಜೊತೆಗೆ ಮರಣಾಂತಿಕ ರೋಗಿಗಳನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಿತು. ಆದರೆ ಅತ್ಯಾಚಾರ, ವರದಕ್ಷಿಣೆ ಸಾವು, ಮಾದಕವಸ್ತು, ಭ್ರಷ್ಟಾಚಾರ, ಭಯೋತ್ಪಾದನೆಗಳ ಅಪರಾಧಿಗಳನ್ನು, ಅವರಲ್ಲಿ ಟಾಡಾದವರನ್ನೂ, ಹೊರಗಿಟ್ಟಿದ್ದಿತು. ಅಂದರೆ ಸರ್ಕಾರವು ತೆರೆದ ಬಾಗಿಲು ಜ್ಞಾನಪ್ರಕಾಶನಂಥವನಿಗೆ ತೆರೆದಿರಲಿಲ್ಲ. ಆತನಿಗೆ ಬಾಗಿಲು ತೆರೆದದ್ದು ದೇಶದ ಅತ್ಯುನ್ನತ ನ್ಯಾಯಪೀಠ. ಹತ್ತಾರು ವರ್ಷ ಪತ್ರಿಕೆಗಳಲ್ಲಿ ಸುದ್ದಿಯಾದ ಮೊಕದ್ದಮೆಯ ಕೈದಿಗೆ ಅಲ್ಲಿಯವರೆಗೆ ಹೋಗುವ ದಾರಿಯೊಂದು ದೊರೆಯಿತು. ಯಾರೂ ಹೆಸರು ಕೇಳದ, ಹೊಲದ ಬದುವಿನ ಜಗಳದಲ್ಲಿ ಮಚ್ಚೆತ್ತಿ ಜೈಲು ಸೇರಿದ ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರನಿಗೆ ಅದು ದೊರೆಯುತ್ತದೆಂದು ನಂಬುವುದು ನನಗೆ ಕಷ್ಟ.

ಹಾಗೆಂದು ದೊಡ್ಡ ಹೆಸರಿದ್ದವರೆಲ್ಲ ಹೊರಗೆ ಬಂದರೆಂದೂ ಅಲ್ಲ. ಛಾಪಾ ಕಾಗದದ ಹಗರಣದಿಂದ ಮನೆಮಾತಾದ, ಖಾನಾಪುರದ ಅಬ್ದುಲ್ ಕರೀಂ ತೆಲಗಿಯು ಹಲವು ವರ್ಷಗಳಿಂದ ಹಲವು ವ್ಯಾಧಿಗಳಿಗೆ ಈಡಾಗಿದ್ದು, 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಪರಪ್ಪನ ಅಗ್ರಹಾರದ ಕೈದಿಯಾಗಿಯೇ ತೀರಿಕೊಂಡನು. ಆತನ ಮೇಲಿದ್ದ ಪ್ರಕರಣಗಳಲ್ಲೊಂದರಲ್ಲಿ ನಾಸಿಕದ ನ್ಯಾಯಾಲಯವು ಆತನನ್ನು ನಿರ್ದೋಷಿಯೆಂದು ಘೋಷಿಸಿದ್ದು ಅದಾದ ಮರುವರ್ಷದ ಡಿಸೆಂಬರಿನಲ್ಲಿ; ತೀರ್ಪನ್ನು ಕೇಳುವುದಕ್ಕೆ ಆತನಿರಲಿಲ್ಲ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ವರ್ಷಾಂತರ ದುಡಿದಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಯವರದು ಇನ್ನೂ ಬೇರೆಯ ಬಗೆ. ಅವರು ಅಪರಾಧಿಯೆಂದು ಸಾಬೀತಾದವರಲ್ಲ, ವಿಚಾರಣೆಯೇ ಆರಂಭವಾಗದ ಬಂದಿ. ಕಂಪವಾತದಿಂದ ನಡುಗುವ ಕೈಗಳಿಗೆ ಲೋಟ ಹಿಡಿಯಲಾಗದೆ, ನೀರು ಕುಡಿಯುವ ಕೊಳವೆಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗಿ ಬಂದ ಆ 84ರ ವೃದ್ಧರು, ಜಾಮೀನಿನ ಮನವಿ ಮುಂಬಯಿಯ ಉಚ್ಚ ನ್ಯಾಯಾಲಯದ ಮುಂದಿದ್ದಂತೆಯೇ, 2021ರ ಜುಲೈ 5ರಂದು ಆಸ್ಪತ್ರೆಯಲ್ಲಿ ಮಡಿದರು.

ಈ ದೇಶದಲ್ಲಿ ರೋಗಿಯಾದ ಕೈದಿಯನ್ನು ಬಿಡುವ ಪದ್ಧತಿಯು ಸ್ವರಾಜ್ಯಕ್ಕಿಂತ ಹಿಂದಿನದೆಂಬುದನ್ನು ಇಲ್ಲಿ ಸ್ಮರಿಸಿಕೊಳ್ಳುವುದು ಅನುಚಿತವಾಗದು. 1922ರಲ್ಲಿ ಆರು ವರ್ಷಗಳ ಶಿಕ್ಷೆ ಹೊಂದಿದ್ದ ಗಾಂಧೀಜಿಗೆ 1924ರ ಜನವರಿಯಲ್ಲಿ ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಕರುಳುಬಾಲದ ಶಸ್ತ್ರಚಿಕಿತ್ಸೆಯಾಯಿತು. ಫೆಬ್ರವರಿ 5ರಂದು ಸರ್ಕಾರವು ಯಾವ ನಿರ್ಬಂಧವನ್ನೂ ಹೇರದೆ ಅವರನ್ನು ಬಿಟ್ಟಿತು. 1935ರ ಸೆಪ್ಟೆಂಬರಿನಲ್ಲಿ, ಯೂರೋಪಿನಲ್ಲಿ ಚಿಕಿತ್ಸೆಯಲ್ಲಿದ್ದ ಪತ್ನಿ ಕಮಲಾ ಅವರ ಸ್ಥಿತಿ ವಿಷಮಿಸಿತೆಂದು ಜವಾಹರಲಾಲರನ್ನು ಆಲ್ಮೋರದ ಸೆರೆಯಿಂದ ಅವಧಿಗೆ ಮುಂಚೆಯೇ ಕಳುಹಿಸಿತು. ಆದರೆ ಅದೇ ಸರ್ಕಾರವು ಆಗಾಖಾನ್ ಅರಮನೆಯಲ್ಲಿ ಕಸ್ತೂರಬಾ ಅವರನ್ನು ಬಿಡಲಿಲ್ಲ. 1944ರ ಫೆಬ್ರವರಿ 22ರಂದು ಆಕೆ ಬಂಧನದಲ್ಲಿಯೇ ಕಣ್ಣು ಮುಚ್ಚಿದರು. ಅದಾದ ಹತ್ತೇ ವಾರಗಳಲ್ಲಿ, ಮೇ 6ರಂದು, ಅಸ್ವಸ್ಥರಾಗಿದ್ದ ಗಾಂಧೀಜಿಯನ್ನು ಬಿಡುಗಡೆ ಮಾಡಿದ್ದರಲ್ಲಿ ಕರುಣೆಯೆಷ್ಟು, ಇವರೂ ತಮ್ಮ ಕೈಯಲ್ಲಿ ಸತ್ತರೆ ದೇಶವೇನಾದೀತೆಂಬ ಭೀತಿಯೆಷ್ಟು ಎಂಬುದನ್ನು ಓದುಗರೇ ತೂಗಿ ನೋಡಬಹುದು. ಈ ಭೀತಿಯ ಲೆಕ್ಕಾಚಾರವು ಇಂದಿಗೂ ಅಳಿದಿಲ್ಲ. ಕೈದಿಯೊಬ್ಬನು ಬಂಧನದಲ್ಲಿ ಸತ್ತರೆ ವಿಚಾರಣೆಯಾಗಬೇಕು, 24 ಗಂಟೆಗಳೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು. ಆ ತೊಡಕನ್ನು ತಪ್ಪಿಸಿಕೊಳ್ಳುವುದಕ್ಕೋಸ್ಕರ ಕೊನೆಯ ಘಳಿಗೆಯಲ್ಲಿ ಬಾಗಿಲು ತೆರೆದರೆ ಅದು ದಯೆಯೆನಿಸದು, ದಫ್ತರದ ಜಾಣ್ಮೆಯೆನಿಸುತ್ತದೆ.

ಕಾನೂನು ಏನು ಹೇಳುತ್ತದೆಂಬುದನ್ನು ಒಂದು ಊಹೆಯ ದೃಷ್ಟಾಂತದಿಂದ ಬಿಡಿಸಿಕೊಳ್ಳೋಣ. ತರೀಕೆರೆಯ ಹತ್ತಿರದ ಹಳ್ಳಿಯವನೊಬ್ಬನು ಕೊಲೆಗಾಗಿ ಜೀವಾವಧಿ ಶಿಕ್ಷೆ ಹೊಂದಿ, ಶಿವಮೊಗ್ಗದ ಕೇಂದ್ರ ಕಾರಾಗೃಹದಲ್ಲಿ ಆರು ವರ್ಷ ಕಳೆದಿರುವನೆಂದು ಭಾವಿಸೋಣ. ಜೀವಾವಧಿಯೆಂದರೆ ಹದಿನಾಲ್ಕು ವರ್ಷವೆಂಬುದು ನಮ್ಮ ಹಳ್ಳಿಗಳಲ್ಲಿ ಹಬ್ಬಿರುವ ನಂಬಿಕೆ, ಅದು ಸರಿಯಲ್ಲ. ಜೀವವಿರುವವರೆಗೆ ಎಂದೇ ಅದರ ಅರ್ಥವೆಂಬುದು 1961ರ ಗೋಡ್ಸೆ ಪ್ರಕರಣದಿಂದಲೂ ನೆಲೆನಿಂತ ತೀರ್ಮಾನ. ಹದಿನಾಲ್ಕರ ಸಂಖ್ಯೆ ಬಂದುದು ಬೇರೆ ಕಡೆಯಿಂದ. ಮರಣದಂಡನೆಯನ್ನೂ ವಿಧಿಸಬಹುದಾದಂಥ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಹೊಂದಿದವನನ್ನು ಹದಿನಾಲ್ಕು ವರ್ಷ ತುಂಬುವವರೆಗೆ ಸರ್ಕಾರವು ಬಿಡಕೂಡದೆಂದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಒಂದು ಕಲಮು ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 475ನೆಯ ಕಲಮಾಗಿ ಮುಂದುವರಿದಿದೆ. ನಮ್ಮ ತರೀಕೆರೆಯವನಿಗೆ ಇನ್ನೂ ಎಂಟು ವರ್ಷ ಬಾಕಿ, ವೈದ್ಯರು ಕೊಟ್ಟಿರುವುದು ಎಂಟು ತಿಂಗಳು. ಸಂಹಿತೆಯ ಬಾಗಿಲು ಅವನಿಗೆ ಮುಚ್ಚಿದಂತೆಯೇ. ಉಳಿದದ್ದು ಸಂವಿಧಾನದ 161ನೆಯ ಅನುಚ್ಛೇದ, ಎಂದರೆ ರಾಜ್ಯಪಾಲರ ಕ್ಷಮಾಧಿಕಾರ. ಹದಿನಾಲ್ಕು ವರ್ಷಗಳ ಆ ಕಟ್ಟು ಸಂವಿಧಾನದತ್ತವಾದ ಈ ಅಧಿಕಾರವನ್ನು ಮುಟ್ಟಲಾರದೆಂದೂ, ಆದರೆ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರೆಂದೂ ಮಾರು ರಾಂ ಪ್ರಕರಣದಲ್ಲಿ 1980ರಲ್ಲಿಯೇ ತೀರ್ಪಾಗಿದೆ. ‘ಕಡೆಯ ಉಸಿರಿನವರೆಗೆ’ ಎಂದು ನ್ಯಾಯಾಲಯವೇ ಬರೆದ ಶಿಕ್ಷೆಗಳಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಅಂಥ ಶಿಕ್ಷೆಯನ್ನು ವಿಧಿಸಿದ ಸರ್ವೋಚ್ಚ ನ್ಯಾಯಾಲಯವು, ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾಧಿಕಾರಕ್ಕೆ ಇದರಿಂದ ಭಂಗವಿಲ್ಲವೆಂಬುದನ್ನು 2015ರಲ್ಲಿ ಸ್ಪಷ್ಟಪಡಿಸಿತು.

ಬಾಗಿಲೇನೋ ಇದೆ, ಹೋಗುವ ದಾರಿಯನ್ನು ನೋಡಿ. ಜೈಲಿನ ವೈದ್ಯರು ಶಂಕೆಪಟ್ಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆಯಬೇಕು. ಅಲ್ಲಿಗೆ ಕರೆದೊಯ್ಯಲು ಪೊಲೀಸರ ಬೆಂಗಾವಲು ಬೇಕು. ಬೆಂಗಾವಲಿನವರನ್ನು ಆ ದಿನ ಬೇರೆ ಬಂದೋಬಸ್ತಿಗೆ ಕಳುಹಿಸಿದ್ದರೆ ರೋಗಿಯ ಸರದಿ ಮುಂದಿನ ವಾರಕ್ಕೆ ಹೋಯಿತು. ಅಲ್ಲಿಂದ ಕಿದ್ವಾಯಿಗೆ ಕಳುಹಿಸಬೇಕೆಂದರೆ ಮತ್ತೆ ಪತ್ರ, ಮತ್ತೆ ಬೆಂಗಾವಲು. ವೈದ್ಯರ ವರದಿ ಅಧೀಕ್ಷಕರ ಮೇಜಿನಿಂದ ಬೆಂಗಳೂರಿನ ಪ್ರಧಾನ ಕಚೇರಿಗೂ, ಅಲ್ಲಿಂದ ಗೃಹ ಇಲಾಖೆಗೂ ಏರಬೇಕು. ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯವನ್ನು ತರಿಸಬೇಕು. ಈತ ಊರಿಗೆ ಬಂದರೆ ಗಲಭೆಯಾದೀತೇ ಎಂದು ಠಾಣೆಯವರನ್ನು ಕೇಳಬೇಕು. ಕಡೆಗೆ ಮಂತ್ರಿಮಂಡಲ, ರಾಜಭವನ. ಒಂದೊಂದು ಮೆಟ್ಟಿಲಿಗೂ ಅದರದೇ ಆದ ನ್ಯಾಯವಿದೆ, ಒಂದನ್ನೂ ವ್ಯರ್ಥವೆನ್ನಲಾಗದು. ಆದರೆ ಮೇದೋಜೀರಕಾಂಗದ ಅರ್ಬುದವು ಈ ಮೆಟ್ಟಿಲುಗಳನ್ನು ಎಣಿಸುತ್ತಾ ಕೂರುವುದಿಲ್ಲ.

ಮೇಲ್ಮನವಿಯು ಉಚ್ಚ ನ್ಯಾಯಾಲಯದ ಮುಂದೆ ಇನ್ನೂ ಇತ್ಯರ್ಥವಾಗದಿದ್ದರೆ, ಶಿಕ್ಷೆಯನ್ನು ಅಮಾನತಿನಲ್ಲಿಡುವಂತೆ ಅಲ್ಲಿಯೇ ಬೇಡಬಹುದು. ಅದು ಹತ್ತಿರದ ದಾರಿ. ವಿಚಾರಣಾಧೀನ ಬಂದಿಗಾದರೋ, ರೋಗಿಗೂ ದುರ್ಬಲನಿಗೂ ಜಾಮೀನು ಕೊಡಬಹುದೆಂಬ ಮಾತು ಸಂಹಿತೆಯ 480ನೆಯ ಕಲಮಿನಲ್ಲಿಯೇ ಇದೆ. ಭಾರತದ ಸೆರೆಮನೆಗಳಲ್ಲಿ 2022ರ ಕೊನೆಗೆ 5,73,220 ಮಂದಿಯಿದ್ದರೆಂದೂ, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜನ ವಿಚಾರಣಾಧೀನರೆಂದೂ ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ವರದಿ ತಿಳಿಸುತ್ತದೆ. ಆ ಒಂದೇ ವರ್ಷದಲ್ಲಿ ಸೆರೆಯಲ್ಲಿ ಸತ್ತವರು 1,995. ಅವರಲ್ಲಿ 1,773 ಮಂದಿಯ ಸಾವನ್ನು ಸಹಜ ಮರಣದ ಅಂಕಣದಲ್ಲಿ ಬರೆಯಲಾಗಿದೆ, ಎಂದರೆ ರೋಗದಿಂದ ಅಥವಾ ವೃದ್ಧಾಪ್ಯದಿಂದ ಸತ್ತವರು. ಇವರೆಲ್ಲರನ್ನೂ ಮೊದಲೇ ಬಿಡಬಹುದಾಗಿತ್ತೆಂದು ಹೇಳಲಾಗದು. ಹೃದಯಾಘಾತವು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಆದರೆ ಕ್ಷಯ, ಯಕೃತ್ತಿನ ವ್ಯಾಧಿ, ಮೂತ್ರಪಿಂಡದ ವೈಫಲ್ಯ, ಕ್ಯಾನ್ಸರ್ ಇವು ಬಾಗಿಲು ತಟ್ಟಿಯೇ ಒಳಗೆ ಬರುತ್ತವೆ.

ಈಗ ಎದುರುವಾದದ ಕಡೆಗೆ ತಿರುಗೋಣ, ಏಕೆಂದರೆ ಅದರಲ್ಲಿ ಬಲವಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಈ ಸೀಮೆಯಲ್ಲಿ ಕೊಲೆಗಳು ನಡೆಯುವ ಕಾರಣಗಳು ಹೆಚ್ಚು ಬದಲಾದಂತೆ ತೋರದು. ಹೊಲದ ಬದು, ತೋಟದ ದಾರಿ, ಕೊಳವೆಬಾವಿಯ ನೀರಿನ ಸರದಿ, ಅಣ್ಣತಮ್ಮಂದಿರ ಪಾಲುಪಟ್ಟಿ, ಕುಡಿತದ ಅಮಲಿನಲ್ಲಿ ಹೆಂಡತಿಯ ಮೇಲೆತ್ತಿದ ಕೈ. ಕೊಂದವನೂ ಕೊಲೆಯಾದವನೂ ಒಂದೇ ಊರಿನವರು, ಅನೇಕ ವೇಳೆ ಒಂದೇ ಬೀದಿಯವರು, ಕೆಲವು ವೇಳೆ ಒಂದೇ ಮನೆಯವರು. ಪರದೇಶದ ಸೆರೆಯಿಂದ ಬಿಡುಗಡೆಯಾದವನು ದೂರದ ತನ್ನ ನಾಡಿಗೆ ಹಾರಿಹೋಗಬಹುದು. ಕಡೂರಿನ ಕೈದಿಯು ಬಿಡುಗಡೆಯಾಗಿ ಬರುವುದು ತಾನು ಕೊಂದವನ ಹೆಂಡತಿ ದಿನವೂ ನೀರು ಹೊತ್ತು ನಡೆಯುವ ಬೀದಿಗೆ. ಇವನ ಬಾಯಿಗೆ ನೀರು ಬಿಡುವವರು ಬೇಕೆನ್ನುತ್ತೀರಲ್ಲ, ನನ್ನ ಗಂಡ ಗದ್ದೆಯ ಬದುವಿನಲ್ಲಿ ಬಿದ್ದು ಒದ್ದಾಡುತ್ತಿದ್ದಾಗ ಅವನ ಬಾಯಿಗೆ ನೀರು ಬಿಟ್ಟವರು ಯಾರು ಎಂದು ಆಕೆ ಕೇಳಿದರೆ, ಕರುಣೆಯ ಪರವಾಗಿ ಮಾತನಾಡುವ ನನ್ನಂಥವರು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರುವುದೇ ಸಭ್ಯತೆ.

ಆ ಮೌನದ ಬಳಿಕ ಹೇಳಬಹುದಾದದ್ದು ಇಷ್ಟು. ನ್ಯಾಯಾಧೀಶನು ವಿಧಿಸಿದ್ದು ಸ್ವಾತಂತ್ರ್ಯನಷ್ಟದ ಶಿಕ್ಷೆ. ನೋವುನಿವಾರಕವಿಲ್ಲದೆ ನರಳುವುದನ್ನಾಗಲಿ, ನೀರು ಕೇಳಿದರೆ ಕೊಡುವವರಿಲ್ಲದ ರಾತ್ರಿಯನ್ನಾಗಲಿ ಆತನು ತೀರ್ಪಿನಲ್ಲಿ ಬರೆದಿರಲಿಲ್ಲ. ಸರ್ಕಾರವು ಶಿಕ್ಷಿಸುವ ಅಧಿಕಾರವನ್ನು ಕೊಲೆಯಾದವನ ಮನೆಯವರಿಂದ ತನ್ನ ಕೈಗೆ ತೆಗೆದುಕೊಂಡದ್ದೇ ಕೊಂದವನಂತೆ ತಾನು ನಡೆಯಬಾರದೆಂಬ ಉದ್ದೇಶದಿಂದ. ಎದ್ದು ಕೂರಲಾರದವನನ್ನು ಕಾಯುವುದರಿಂದ ಸಮಾಜಕ್ಕೆ ರಕ್ಷಣೆಯಿಲ್ಲ, ತನ್ನ ಹೆಸರನ್ನೇ ಮರೆತವನು ಪಶ್ಚಾತ್ತಾಪದಿಂದ ತಿದ್ದಿಕೊಳ್ಳುವುದೂ ಇಲ್ಲ. ಹಾಗಿದ್ದರೂ ಆ ವಿಧವೆಯನ್ನು ಕೇಳದೆ ಬಾಗಿಲು ತೆರೆಯುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬುತ್ತೇನೆ. ತಡೆಯುವ ಹಕ್ಕನ್ನು ಆಕೆಗೆ ಕೊಡಲಾಗದು. ಮೊದಲೇ ತಿಳಿಯುವ ಹಕ್ಕು, ತನ್ನ ಭಯವನ್ನು ಹೇಳಿಕೊಳ್ಳುವ ಹಕ್ಕು ಆಕೆಗಿರಬೇಕು. ರೋಗಿಯನ್ನು ಅದೇ ಬೀದಿಗೇ ತರಬೇಕೆಂಬ ನಿಯಮವೇನೂ ಇಲ್ಲ. ಮಗಳ ಊರಿರಬಹುದು, ಅಕ್ಕನ ಮನೆಯಿರಬಹುದು. ಅದಿಲ್ಲದವರಿಗೆ ಬೆಂಗಳೂರಿನ ಕರುಣಾಶ್ರಯದಂಥ, 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವ, ಸಂಸ್ಥೆಗಳಿರಬಹುದು. ಸೆರೆಮನೆಯಿಂದ ಬಿಡುಗಡೆಯಾದವನನ್ನು ಯಾರೂ ಕಾಯದ ರೈಲು ನಿಲ್ದಾಣದ ಬೆಂಚಿನ ಮೇಲೆ ಇಳಿಸಿ ಹೋಗುವುದಾದರೆ, ಅದಕ್ಕಿಂತ ಜೈಲಿನ ಆಸ್ಪತ್ರೆಯೇ ವಾಸಿ. ಹೆತ್ತವರು ತೀರಿಕೊಂಡು, ಹೆಂಡತಿ ತವರು ಸೇರಿ, ಮಕ್ಕಳು ಅಪ್ಪನ ಹೆಸರು ಹೇಳಲು ನಾಚುವಂತಾಗಿರುವ ಕೈದಿಗಳು ಕಡಮೆಯೇನಲ್ಲ. ಅಂಥವರಿಗೆ ಬಾಗಿಲು ತೆರೆಯುವ ಮುನ್ನ ಹಾಸಿಗೆಯನ್ನು ಹುಡುಕುವುದು ಸರ್ಕಾರದ ಹೊಣೆ.

ಎರಡನೆಯ ಆಕ್ಷೇಪವೆಂದರೆ, ಸಾಯುತ್ತೇನೆಂದು ಹೊರಬಂದವನು ಸಾಯದೆ ಹೋದರೆ? ಇದಕ್ಕೆ ಜಗತ್ತಿನಲ್ಲೆಲ್ಲ ಎತ್ತಿ ತೋರಿಸುವ ಉದಾಹರಣೆಯೊಂದಿದೆ. ಲಾಕರ್‌ಬಿಯ ಮೇಲೆ 1988ರಲ್ಲಿ ವಿಮಾನವನ್ನು ಸಿಡಿಸಿ 270 ಜನರ ಸಾವಿಗೆ ಕಾರಣನಾದನೆಂದು ಶಿಕ್ಷಿತನಾಗಿದ್ದ ಲಿಬಿಯದ ಅಲ್ ಮೆಗ್ರಾಹಿಯನ್ನು, ಇನ್ನು ಮೂರು ತಿಂಗಳ ಆಯುಸ್ಸೆಂಬ ಆಧಾರದ ಮೇಲೆ, ಸ್ಕಾಟ್ಲೆಂಡಿನ ಸರ್ಕಾರವು 2009ರ ಆಗಸ್ಟ್ 20ರಂದು ಬಿಟ್ಟಿತು. ಆತನು ಸತ್ತದ್ದು 2012ರ ಮೇ 20ರಂದು. ಸತ್ತವರ ಬಂಧುಗಳಲ್ಲಿ, ವಿಶೇಷವಾಗಿ ಅಮೆರಿಕದವರಲ್ಲಿ, ಅನೇಕರು ತಾವು ವಂಚಿತರಾದೆವೆಂದು ಭಾವಿಸಿದರು. ದಕ್ಷಿಣ ಆಫ್ರಿಕದಲ್ಲಿ 2009ರಲ್ಲಿಯೇ ವೈದ್ಯಕೀಯ ಕಾರಣದ ಮೇಲೆ ಹೊರಬಂದ ಶಾಬೀರ್ ಶೇಖ್ ಎಂಬ ಪ್ರಭಾವಶಾಲಿ ವರ್ತಕನು ಗಾಲ್ಫ್ ಮೈದಾನದಲ್ಲಿ ಕಾಣಿಸಿಕೊಂಡು ಇಡೀ ಪದ್ಧತಿಗೇ ಕೆಟ್ಟ ಹೆಸರು ತಂದನು. ನಮ್ಮಲ್ಲಿಯೂ, ಬೆನ್ನಿನ ಶಸ್ತ್ರಚಿಕಿತ್ಸೆಗೆಂದು 2024ರ ಅಕ್ಟೋಬರಿನಲ್ಲಿ ಚಲನಚಿತ್ರ ನಟರೊಬ್ಬರಿಗೆ ದೊರೆತ ಮಧ್ಯಂತರ ಜಾಮೀನಿನ ವಿಷಯವು ಚಹಾದಂಗಡಿಗಳಲ್ಲಿ ಯಾವ ಧಾಟಿಯಲ್ಲಿ ಚರ್ಚಿತವಾಯಿತೆಂಬುದನ್ನು ನೆನೆದರೆ, ವೈದ್ಯರ ಚೀಟಿಯೆಂದೊಡನೆ ಜನರು ಹುಬ್ಬೇರಿಸುವುದು ಏಕೆಂದು ಅರ್ಥವಾಗುತ್ತದೆ.

ಈ ಸಂಶಯಕ್ಕೆ ಮದ್ದು ಬಾಗಿಲನ್ನು ಮುಚ್ಚುವುದಲ್ಲ. ವೈದ್ಯನು ಹೇಳುವ ತಿಂಗಳುಗಳ ಸಂಖ್ಯೆ ಒಂದು ಅಂದಾಜು; ಎಷ್ಟೋ ರೋಗಿಗಳು ಅದಕ್ಕೆ ಮುಂಚೆ ಹೋಗುತ್ತಾರೆ, ಕೆಲವರು ದಾಟಿ ಬದುಕುತ್ತಾರೆ, ಮನೆಯ ಊಟ ಮನೆಯ ಗಾಳಿಯಿಂದ ಒಂದೆರಡು ಹಬ್ಬ ಹೆಚ್ಚು ನೋಡಿದವರನ್ನು ನಾವೆಲ್ಲರೂ ಬಲ್ಲೆವು. ಬದುಕಿದ್ದಕ್ಕಾಗಿ ಯಾರೂ ಕ್ಷಮೆ ಕೇಳಬೇಕಾಗಿಲ್ಲ. ಬಿಡುಗಡೆಯನ್ನು ಷರತ್ತಿನ ಮೇಲೆ ಕೊಟ್ಟು, ಆರು ತಿಂಗಳಿಗೊಮ್ಮೆ ಸರ್ಕಾರಿ ವೈದ್ಯರಿಂದ ತಪಾಸಣೆ ಮಾಡಿಸಿ, ನಿಜವಾಗಿ ಗುಣವಾದವನನ್ನು ಮರಳಿ ಕರೆಸಿಕೊಳ್ಳುವ ಅಧಿಕಾರವನ್ನು ಉಳಿಸಿಕೊಂಡರೆ ಸಾಕು. ಫ್ರಾನ್ಸಿನಲ್ಲಿ 2002ರಿಂದ ಇರುವ ವ್ಯವಸ್ಥೆಯು ಸರಿಸುಮಾರು ಇದೇ: ಶಿಕ್ಷೆಯನ್ನು ರದ್ದುಗೊಳಿಸುವುದಲ್ಲ, ರೋಗದ ಕಾಲಕ್ಕೆ ತಡೆಹಿಡಿಯುವುದು. ಅದೇ ವರ್ಷ, ರಕ್ತದ ಕ್ಯಾನ್ಸರಿದ್ದ ಫ್ರೆಂಚ್ ಕೈದಿಯೊಬ್ಬನನ್ನು ಸಂಕೋಲೆಯಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದುದು ಅಮಾನುಷ ವರ್ತನೆಯೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ತೀರ್ಮಾನಿಸಿತ್ತು. ನಮ್ಮ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಏಳು ವರ್ಷ ಮೊದಲೇ, 1995ರಲ್ಲಿ, ಆಸ್ಪತ್ರೆಯ ಮಂಚಕ್ಕೆ ಬಂದಿಗಳನ್ನು ಬಿಗಿದಿದ್ದ ಅಸ್ಸಾಮಿನ ಪ್ರಕರಣದಲ್ಲಿ ಇಂಥದೇ ಮಾತನ್ನು ಹೇಳಿದ್ದಿತೆಂಬುದನ್ನು ಹೆಮ್ಮೆಯಿಂದ ನೆನೆಯಬಹುದು. ಅಮೆರಿಕದ 2018ರ ಕಾಯಿದೆಯಲ್ಲಿ ನಾವು ಎರವಲು ತರಬಹುದಾದ ಒಂದು ಅಂಶವಿದೆ. ಒಕ್ಕೂಟದ ಸೆರೆಮನೆಯ ಅಧಿಕಾರಿಯು 30 ದಿನಗಳೊಳಗೆ ಅರ್ಜಿಯನ್ನು ತೀರ್ಮಾನಿಸದಿದ್ದರೆ ಕೈದಿಯೇ ನೇರವಾಗಿ ನ್ಯಾಯಾಧೀಶನ ಮುಂದೆ ಹೋಗಬಹುದು. ನಮಗೆ ಬೇಕಾಗಿರುವುದೂ ಇಂಥ ಗಡುವೇ. ಜೈಲಿನ ವೈದ್ಯರು ಬರೆದ ದಿನದಿಂದ ಇಷ್ಟು ದಿನಗಳಲ್ಲಿ ಜಿಲ್ಲೆಯ ವೈದ್ಯಮಂಡಲಿ ನೋಡಬೇಕು, ಇಷ್ಟು ದಿನಗಳಲ್ಲಿ ಜಿಲ್ಲಾ ನ್ಯಾಯಾಧೀಶರ ಸಮಿತಿಯು ಕನಿಷ್ಠಪಕ್ಷ ತಾತ್ಕಾಲಿಕ ಬಿಡುಗಡೆಯ ಮಾತನ್ನಾದರೂ ತೀರ್ಮಾನಿಸಬೇಕು; ರಾಜಭವನದ ಅಂತಿಮ ಅಪ್ಪಣೆ ಆ ಬಳಿಕ ಬರಲಿ. ಅರ್ಜಿ ಬರೆಯಬೇಕಾದವನು ಜ್ವರದಲ್ಲಿ ಬಿದ್ದಿರುವ ಕೈದಿಯಾಗಕೂಡದು. ಬರೆಯುವ ಕರ್ತವ್ಯವು ವೈದ್ಯರದಾಗಬೇಕು, ಅಧೀಕ್ಷಕರದಾಗಬೇಕು.

ಬಿಡಲಾಗದವರು, ಬಿಡಬಾರದವರು ಕೆಲವರು ಯಾವಾಗಲೂ ಇರುತ್ತಾರೆ. ಹಾಸಿಗೆಯಲ್ಲಿ ಮಲಗಿಯೇ ಸಾಕ್ಷಿಗಳನ್ನು ಬೆದರಿಸಬಲ್ಲ, ಗುಂಪನ್ನು ನಡೆಸಬಲ್ಲವರ ಮಾತು ಬೇರೆ. ಆದರೆ ಒಳಗೆ ಸಾಯತಕ್ಕವನಿಗೂ ನೋವಿಲ್ಲದೆ ಸಾಯುವ ಹಕ್ಕಿದೆ. ಹೊರಗಿನವರಿಗೆ ದೊರೆಯುವ ಮಟ್ಟದ ಚಿಕಿತ್ಸೆಯೇ ಕೈದಿಗೂ ದೊರೆಯಬೇಕೆಂದು 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ನೆಲ್ಸನ್ ಮಂಡೇಲರ ಹೆಸರಿನ ನಿಯಮಾವಳಿ ಹೇಳುತ್ತದೆ. ಕ್ಯಾನ್ಸರಿನ ನೋವಿಗೆ ಮಾರ್ಫೀನ್‌ಗಿಂತ ನಂಬತಕ್ಕ ಔಷಧ ಇಲ್ಲ. ಅದರ ಬಳಕೆಯ ತೊಡಕುಗಳನ್ನು ಮಾದಕವಸ್ತು ಕಾಯಿದೆಯ 2014ರ ತಿದ್ದುಪಡಿಯು ಬಹುಮಟ್ಟಿಗೆ ಬಿಡಿಸಿದ್ದರೂ, ಅಮಲುಪದಾರ್ಥವೆಂಬ ಹೆದರಿಕೆಯಿಂದ ಹೊರಗಿನ ಆಸ್ಪತ್ರೆಗಳೇ ಹಿಂಜರಿಯುವಾಗ ಸೆರೆಮನೆಯ ಔಷಧದ ಕಪಾಟಿನಲ್ಲಿ ಅದು ಸುಲಭವಾಗಿ ಸಿಕ್ಕೀತೆಂದು ನಿರೀಕ್ಷಿಸಲಾಗದು. ಇದನ್ನು ಸರಿಪಡಿಸಲು ಮಂತ್ರಿಮಂಡಲ ಕೂಡಬೇಕಾಗಿಲ್ಲ. ಒಬ್ಬ ಅಧಿಕಾರಿಯ ಇಚ್ಛಾಶಕ್ತಿ ಸಾಕು.

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2024ರ ಡಿಸೆಂಬರ್ 10ರಂದು ವೃದ್ಧ ಮತ್ತು ಮರಣಾಂತಿಕ ರೋಗಿಗಳಾದ ಕೈದಿಗಳಿಗಾಗಿ ವಿಶೇಷ ಅಭಿಯಾನವೊಂದನ್ನು ಆರಂಭಿಸಿ, ಮರುವರ್ಷ ಅಂಥವರ ಬಿಡುಗಡೆಯನ್ನು ಕೋರಿ ತಾನೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ದಿಲ್ಲಿಯ ಆ ಪ್ರಯತ್ನ ಫಲಿಸುವವರೆಗೆ ನಮ್ಮ ಸೀಮೆಯ ಓದುಗರು ಕೈಕಟ್ಟಿ ಕೂರಬೇಕಾಗಿಲ್ಲ. ನಿಮ್ಮ ಬಂಧುವೋ ನೆರೆಯವನೋ ಸೆರೆಯಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದರೆ, ಕಡೂರಿನ ಅಥವಾ ತರೀಕೆರೆಯ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಹಾಳೆಯಲ್ಲಿ ಅರ್ಜಿ ಬರೆದು ಕೊಡಿ; ಇದ್ದರೆ ಆಸ್ಪತ್ರೆಯ ಚೀಟಿಯ ನಕಲನ್ನು ಜೊತೆಗಿಡಿ, ಬಂದರೆ ಯಾರ ಮನೆಯಲ್ಲಿ ನೋಡಿಕೊಳ್ಳುತ್ತೀರೆಂಬುದನ್ನು ತಪ್ಪದೆ ಬರೆಯಿರಿ. ಬಂಧನದಲ್ಲಿರುವವನಿಗೆ ಆತನ ವರಮಾನವನ್ನು ಲೆಕ್ಕಿಸದೆ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮು ವಿಧಿಸಿದೆ. ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 15100, ಇದಕ್ಕೆ ಶುಲ್ಕವಿಲ್ಲ.